ಮಸ್ಕಟೀನ್ ಯಂಗರನ್ನು ಅಲ್ಲಗಳೆದರೇ? ಹವಳದ ಸಹಜೀವನ: ಒಂದು ಮರುವಿಚಾರ

ಹವಳದ ಜೀವಕೋಶದೊಳಗಿರುವ ಪಾಚಿ, ತಾನು ಬಿಸಿಲಿನಲ್ಲಿ ತಯಾರಿಸಿದ ಆಹಾರದ ದೊಡ್ಡ ಪಾಲನ್ನು ಆಶ್ರಯ ಕೊಟ್ಟ ಪ್ರಾಣಿಗೆ ಬಿಟ್ಟುಕೊಡುತ್ತದೆ ಎಂಬುದರಲ್ಲಿ ಈಗ ತಕರಾರಿಲ್ಲ. ಈ ತಿಳಿವಿಗೆ ಬುನಾದಿ ಹಾಕಿದವರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಲೆನರ್ಡ್ ಮಸ್ಕಟೀನ್ ಪ್ರಮುಖರು. 1958ರಲ್ಲಿ ಅವರು ಕ್ಯಾಡೆಟ್ ಹ್ಯಾಂಡರೊಡನೆ ವಿಕಿರಣಶೀಲ ಇಂಗಾಲದ ಜಾಡು ಹಿಡಿದು ಈ ಸಾಗಣೆಯನ್ನು ತೋರಿಸಿದರು. ಪ್ರಯೋಗ ನಡೆದದ್ದು ಹವಳದ ಮೇಲಲ್ಲ, ಅದರ ಬಂಧುವಾದ ಕಡಲ ಅನಿಮೋನಿನ ಮೇಲೆ. ಇದನ್ನು ಮರೆಯಬಾರದು.

ರೂಢಿಯ ಕಥನದಲ್ಲಿ ಈ ಸಾಧನೆ ಸಿ. ಎಂ. ಯಂಗರ ಸೋಲು. 1928–29ರ ಗ್ರೇಟ್ ಬ್ಯಾರಿಯರ್ ರೀಫ್ ಯಾತ್ರೆಯ ನಾಯಕರಾಗಿದ್ದ ಯಂಗ್, ಹವಳ ಅಪ್ಪಟ ಮಾಂಸಾಹಾರಿ, ಪಾಚಿ ಅದಕ್ಕೆ ಉಣಿಸುವುದಿಲ್ಲ, ಕಸ ತೆಗೆಯುತ್ತದೆ ಎಂದಿದ್ದರು. ಉಣಿಸುವ ವಿಷಯದಲ್ಲಿ ಅವರು ತಪ್ಪಿದರು, ನಿಜ. ಕಸದ ಮಾತಿಗೂ ಅದೇ ತೀರ್ಪು ಕೊಡುವುದನ್ನು ನಾನು ಒಪ್ಪಲಾರೆ.

ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಡೋಣ. 1931ರಲ್ಲಿ ಯಂಗ್ ಮತ್ತು ನಿಕೋಲ್ಸ್, ಪಾಚಿಯುಳ್ಳ ಹವಳ ಸುತ್ತಲಿನ ನೀರಿನಿಂದ ಫಾಸ್ಫೇಟನ್ನು ಹೀರಿಕೊಳ್ಳುವುದನ್ನು ಕಂಡರು. 1978ರಲ್ಲಿ ಮಸ್ಕಟೀನ್ ಮತ್ತು ಡಿ'ಎಲಿಯಾ ಅಮೋನಿಯಂ ಹಿಡಿದು ಇಂಥದೇ ಪ್ರಶ್ನೆ ಕೇಳಿದರು: ಪಾಚಿಯುಳ್ಳ ಹವಳ ಅದನ್ನು ಹೀರಿತು, ಪಾಚಿಯಿಲ್ಲದ ಟುಬಾಸ್ಟ್ರಿಯಾ ಎಂಬ ಹವಳ ಅದನ್ನು ನೀರಿಗೆ ಬಿಟ್ಟಿತು. ಯಂಗ್ ವಿಸರ್ಜನೆಯೆಂದು ಓದಿದ್ದನ್ನು ಮಸ್ಕಟೀನ್ ಉಳಿತಾಯವೆಂದು ಓದಿದರು. ಅಮೋನಿಯಂನಲ್ಲಿರುವ ಸಾರಜನಕ, ಫಾಸ್ಫೇಟಿನಲ್ಲಿರುವ ರಂಜಕ ಎರಡೂ ವಿರಳವಾದ ಉಷ್ಣವಲಯದ ಕಡಲಲ್ಲಿ ಒಬ್ಬರ ಕಸ ಇನ್ನೊಬ್ಬರ ಗೊಬ್ಬರ. ಹಾಗಾಗಿ ಮಸ್ಕಟೀನರ ಉತ್ತರಾರ್ಧದ ಕೆಲಸ ಯಂಗರ ಖಂಡನೆಗಿಂತ ಅವರ ಅರ್ಧ ವಾಕ್ಯದ ಪೂರ್ತಿ ಎಂಬುದು ನನ್ನ ವಾದ.

ಈ ವಾದಕ್ಕೆ ಮಿತಿಗಳಿವೆ. ಫಲಿತಾಂಶಗಳ ಸಾಮ್ಯವೊಂದೇ ಮಸ್ಕಟೀನ್ ಯಂಗರಿಗೆ ಋಣಿ ಎಂಬುದಕ್ಕೆ ಸಾಕ್ಷಿಯಾಗದು. ಫಾಸ್ಫೇಟ್ ಮತ್ತು ಅಮೋನಿಯಂಗಳ ದಾರಿ ಒಂದೇ ಎನ್ನುವಂತೆಯೂ ಇಲ್ಲ. ಇಂಗಾಲದ ಸಾಗಣೆಯನ್ನು ಯಂಗ್ ಊಹಿಸಿರಲಿಲ್ಲ ಎಂಬುದನ್ನೂ ಮರೆಮಾಚಲಾಗದು. ಆದರೂ ಪಾಚಿ ಕೊಡುವ ಇಂಗಾಲ ಉಸಿರಾಟಕ್ಕೆ ಸಾಕಾದರೂ ಮೈ ಬೆಳೆಯಲು ಸಾರಜನಕ ಬೇಕೇ ಬೇಕು; ಅದು ಬೇಟೆಯಿಂದಲೂ ಬರುತ್ತದೆ. ಹಾಗಾಗಿ ಬೇಟೆಗೆಂದೇ ಇರುವ ಹವಳದ ಕುಟುಕು ಬಾಹುಗಳನ್ನು ಯಂಗ್ ಅಷ್ಟು ಗಂಭೀರವಾಗಿ ತೆಗೆದುಕೊಂಡದ್ದು ವ್ಯರ್ಥವಲ್ಲ.

ಒಂದು ತೊಡಕು ಉಳಿಯುತ್ತದೆ. 1978ರ ಅಳತೆ ನೀರಿನದು. ಪಾಚಿ ಹಿಡಿದಿಟ್ಟ ಸಾರಜನಕದಲ್ಲಿ ಎಷ್ಟು ಪ್ರಾಣಿಗೆ ಮರಳುತ್ತದೆ, ಎಷ್ಟು ಪಾಚಿಯಲ್ಲೇ ಉಳಿಯುತ್ತದೆ ಎಂಬುದನ್ನು ಆ ಅಳತೆಯಿಂದ ಹೇಳಲಾಗದು.