ಆಟಿಯ ಮಳೆ, ಕನ್ನಡ ಶಾಲೆ: 1950ರ ದಶಕದ ಕಾಸರಗೋಡಿನ ಬಾಲ್ಯ

ಚಂದ್ರಗಿರಿ ಹೊಳೆಯ ಉತ್ತರಕ್ಕೆ, ಕುಂಬಳೆ, ಮಂಜೇಶ್ವರ, ನೀರ್ಚಾಲು, ಬದಿಯಡ್ಕದ ಸುತ್ತಮುತ್ತ 1940–50ರ ದಶಕಗಳಲ್ಲಿ ಬೆಳೆದವರು ಬಾಲ್ಯದ ಮಾತೆತ್ತಿದರೆ ಮೊದಲು ಬರುವುದು ಶಾಲೆ. ಇದಕ್ಕೆ ಕಾರಣವಿದೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು: ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ. ಅವರೆಲ್ಲ ಒಂದೇ ಚಾಪೆಯ ಮೇಲೆ ಕೂತು ಕಲಿತದ್ದು ಕನ್ನಡ. ಹೆಚ್ಚಿನ ಮಕ್ಕಳಿಗೆ ಅದು ಮನೆಮಾತಲ್ಲ, ಶಾಲೆ ಕೊಟ್ಟ ಮಾತು.

ಆಗ ಕಾಸರಗೋಡು ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಹಳ್ಳಿಯ ಶಾಲೆಗಳಲ್ಲಿ ಅನೇಕವು ಊರಿನ ಅನುಕೂಲಸ್ಥರು ಕಟ್ಟಿ ನಡೆಸಿದವು. ಮುಳಿಹುಲ್ಲಿನ ಮಾಡು, ಒಬ್ಬರೋ ಇಬ್ಬರೋ ಮಾಸ್ಟ್ರು. ನೀರ್ಚಾಲಿನ ಮಹಾಜನ ಸಂಸ್ಕೃತ ಕಾಲೇಜು 1911ರಷ್ಟು ಹಿಂದಿನದು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕವಿ ಕಯ್ಯಾರ ಕಿಞ್ಞಣ್ಣ ರೈ ಪಾಠ ಹೇಳುತ್ತಿದ್ದರು. ಮೊದಲ ಅಕ್ಷರವನ್ನು ಹೊಯಿಗೆಯ ಮೇಲೆ ಬೆರಳಿನಿಂದ ತಿದ್ದಿಸಿ, ಆಮೇಲೆ ಸ್ಲೇಟು ಬಳಪ ಕೊಡುತ್ತಿದ್ದರು. ಸ್ಲೇಟು ಒರಸಲು ನೀರುಕಡ್ಡಿ ಬೇಕು. ಮಳೆಗಾಲದಲ್ಲಿ ಗೋಡೆಯ ಬುಡದಲ್ಲಿ, ಬಾವಿಕಟ್ಟೆಯ ಸಂದಿಯಲ್ಲಿ ಹುಟ್ಟುವ ಈ ಮೆತ್ತನೆಯ ಗಿಡದ ದಂಟು ಮುರಿದು ಉಜ್ಜಿದರೆ ಒಳಗಿನ ನೀರಿಗೇ ಬರೆಹ ಅಳಿಯುತ್ತದೆ. ದಪ್ಪ ದಂಟಿನ ನೀರುಕಡ್ಡಿ ಕೊಟ್ಟು ಬಳಪದ ತುಂಡನ್ನೋ ಪೇರಳೆಯನ್ನೋ ಬದಲಿಗೆ ಪಡೆಯುವ ವ್ಯಾಪಾರವೂ ನಡೆಯುತ್ತಿತ್ತು. ದುಡ್ಡು ಕೈಗೆ ಸಿಗುತ್ತಿದ್ದುದೇ ಅಪರೂಪ. ಸಿಕ್ಕರೆ ಅದು ಯುದ್ಧಕಾಲದಲ್ಲಿ, 1943ರಿಂದ ಟಂಕಿಸಿದ, ನಡುವೆ ತೂತಿದ್ದ ಪೈಸೆ. ಹದಿನಾರಾಣೆಯ ಲೆಕ್ಕ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. ಮಗ್ಗಿಯನ್ನು ಆಣೆಯ ಲೆಕ್ಕದಲ್ಲಿ ಕಲಿತ ಮಕ್ಕಳು ಮತ್ತೆ ನೂರರ ಲೆಕ್ಕಕ್ಕೆ ಹೊಂದಿಕೊಳ್ಳಬೇಕಾಯಿತು.

ಶಾಲೆಯ ದಾರಿ ಗುಡ್ಡೆ ಇಳಿದು, ಬೈಲು ದಾಟಿ, ತೋಡಿನ ಸಂಕದ ಮೇಲೆ ಸಾಗುತ್ತಿತ್ತು. ಸಂಕವೆಂದರೆ ಅಡಿಕೆ ಮರದ ಎರಡು ಮೂರು ಕಾಂಡ, ಹಿಡಿಯಲೊಂದು ಬಿದಿರು. ಆಷಾಢದಲ್ಲಿ ತೋಡು ಉಕ್ಕಿ ಸಂಕ ಕೊಚ್ಚಿಹೋದರೆ ಆ ದಿನ ಶಾಲೆಯಿಲ್ಲ.

ಆ ಮಳೆಯ ತಿಂಗಳೇ ಆಟಿ. ಹೊಲದ ಕೆಲಸ ನಿಂತು, ಅಕ್ಕಿಯ ಮುಡಿ ಬರಿದಾಗುವ ಹೊತ್ತು. ಚೆನ್ನೆಮಣೆ ಅಟ್ಟದಿಂದ ಇಳಿಯುತ್ತಿದ್ದುದು ಆಗಲೇ; ಬೇರೆ ತಿಂಗಳಲ್ಲಿ ಆಡಬಾರದೆಂಬ ನಂಬಿಕೆಯಿತ್ತು. ಏಳೇಳರಂತೆ ಎರಡು ಸಾಲು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಕಾಯಿ. ಊರಿನ ಮಾರಿ ಕಳೆಯುವನೆಂದು ನಂಬಿದ್ದ ವೇಷಧಾರಿ ಆಟಿ ಕಳೆಂಜ ಅಂಗಳಕ್ಕೆ ಬರುತ್ತಿದ್ದ. ಅಮಾವಾಸ್ಯೆಯ ಬೆಳಗ್ಗೆ ಪಾಲೆ ಮರದ ಕೆತ್ತೆಯ ಕಹಿ ಕಷಾಯ ಕುಡಿಯಲೇಬೇಕು, ಅದರ ಹಿಂದೆಯೇ ಮೆಂತೆ ಗಂಜಿ. ಹಲಸಿನ ಹಪ್ಪಳ, ಸಾಂತಾಣಿ, ಉಪ್ಪುಸೊಳೆ, ಪತ್ರೊಡೆಗಳನ್ನು ಇಂದು ಹಬ್ಬದ ತಿನಿಸೆಂದು ಕೊಂಡಾಡುತ್ತಾರೆ. ಅಂದು ಅವು ಅನ್ನ ಸಾಲದ ಮನೆಗಳ ಹೊಟ್ಟೆ ತುಂಬಿಸಿದ ಆಹಾರ. ಗೇಣಿ ಅಕ್ಕಿ ಅಳೆದುಕೊಟ್ಟ ಒಕ್ಕಲಿನ ಮನೆಗೆ ಆಟಿಯ ಹಸಿವು ಇನ್ನೂ ಗಾಢ. ಗೇಣಿ ಪದ್ಧತಿ ರದ್ದಾಗಲು 1970ರ ತನಕ ಕಾಯಬೇಕಾಯಿತು. ಹಸಿವನ್ನು ಬಿಟ್ಟು ರುಚಿಯನ್ನಷ್ಟೇ ನೆನೆಯುವುದು ಆ ಬಾಲ್ಯಕ್ಕೆ ನ್ಯಾಯವಲ್ಲ.

ಮಳೆ ಕಳೆದರೆ ಬಯಲಾಟದ ಕಾಲ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಚಾಪೆ ಹಿಡಿದು ಹೋದ ಮಕ್ಕಳು ಪೂರ್ವರಂಗಕ್ಕೇ ನಿದ್ದೆಹೋಗಿ, ಬಣ್ಣದ ವೇಷದ ಅಬ್ಬರಕ್ಕೆ ಎಚ್ಚೆತ್ತು, ಮರುದಿನ ಅಡಿಕೆ ಹಾಳೆಯ ಕಿರೀಟ ಕಟ್ಟಿ ಅಂಗಳದಲ್ಲಿ ಕುಣಿಯುತ್ತಿದ್ದರು. ಅದೇ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆದರೆ ಅದು ಬಂಡಿ.

1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಮರುವರ್ಷದ ಚುನಾವಣೆಯಲ್ಲಿ ಮಂಜೇಶ್ವರದಿಂದ, ಕನ್ನಡನಾಡಿಗೇ ಸೇರಬೇಕೆಂಬ ಬೇಡಿಕೆಯ ಪರವಾಗಿದ್ದ ಎಂ. ಉಮೇಶ ರಾವ್ ಅವಿರೋಧವಾಗಿ ವಿಧಾನಸಭೆಗೆ ಆಯ್ಕೆಯಾದರು. ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು ಗಡಿ ತಕರಾರು ವಿಚಾರಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಜಾರಿಗೆ ಬರಲಿಲ್ಲ. ಕನ್ನಡ ಮಾಧ್ಯಮ ಉಳಿಯಿತು, ಕಚೇರಿಯ ಮಾತು ಮಲಯಾಳವಾಯಿತು. ಶಾಲೆಯಲ್ಲಿ ಗಳಿಸಿದ ಭಾಷೆಗೆ ಶಾಲೆಯ ಹೊರಗೆ ಬೆಲೆ ಕುಗ್ಗಿದ್ದನ್ನು ಆ ತಲೆಮಾರು ಹದಿಹರೆಯದಲ್ಲೇ ಕಂಡಿತು. ಹಿರಿಯರ ನೆನಪಿನಲ್ಲಿ ಶಾಲೆಗೆ ಇಷ್ಟು ತೂಕ ಬಂದದ್ದು ಅದರಿಂದ.

ಆಟಿಯ ಹಸಿವಿಗೆ ಶಾಲೆ ಆಸರೆಯಾದದ್ದು ತಡವಾಗಿ: 1960ರ ದಶಕದಲ್ಲಿ ಅಮೆರಿಕದ ಕೇರ್ ಸಂಸ್ಥೆಯ ನೆರವಿನಿಂದ ಕೇರಳದ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಬಂತು. ಅಮೆರಿಕದ ಜೋಳದ ಹುಡಿಯ ಹಳದಿ ಸಜ್ಜಿಗೆ, ಹಾಲಿನ ಹುಡಿಯನ್ನು ಕದಡಿದ ಹಾಲು ಬಡಮಕ್ಕಳನ್ನು ತರಗತಿಯಲ್ಲಿ ಉಳಿಸಿದವು.

ಆ ಬಾಲ್ಯದ ನೆನಪುಗಳು ಇಂದು ಶಾಲೆಗಳ ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ, ಕಯ್ಯಾರರ ‘ದುಡಿತವೇ ನನ್ನ ದೇವರು’ ಎಂಬಂಥ ಆತ್ಮಕಥೆಗಳಲ್ಲಿ ಸಿಗುತ್ತವೆ. ಬರೆದವರು ಹೆಚ್ಚಾಗಿ ಓದು ಮುಂದುವರಿಸಿದ ಗಂಡಸರು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತ ಹುಡುಗಿಯರದು, ಶಾಲೆಯ ಜಗಲಿಯನ್ನೂ ಹತ್ತಲಾಗದ ಕೊರಗ ಸಮುದಾಯದ ಮಕ್ಕಳದು ಅಲ್ಲಿ ವಿರಳ. ಅವರಲ್ಲಿ ಈಗ ಬದುಕಿರುವವರು ಎಂಬತ್ತರ ಆಸುಪಾಸಿನವರು. ಕೇಳಿ ಬರೆದುಕೊಳ್ಳುವ ಕೆಲಸ ಈಗಲೇ ಆಗಬೇಕು.