ವ್ಯಾಕ್ಸಿನ್‌ದಾಗಿನ ಆಕಳ

ಮೊನ್ನೆ ಸಂಜಿಮುಂದ ಮಗಳು ಇಂಗ್ಲಿಷ್ ಶಬ್ದ ಬಾಯಿಪಾಠ ಮಾಡ್ಲಿಕ್ಕೆ ಕೂತಿದ್ಲು. 'ವ್ಯಾಕ್ಸಿನ್' ಬರಿಯೋವಾಗ ಪ್ರತಿ ಸಲ ಒಂದು 'ಸಿ' ನುಂಗಿಬಿಡ್ತಿದ್ಲು. "ಎರಡು ಯಾಕ ಬೇಕವ್ವಾ?" ಅಂತ ಕೇಳಿದ್ಲು. ನನಗೂ ಗೊತ್ತಿರಲಿಲ್ಲ. ಡಿಕ್ಷನರಿ ತಗದು ನೋಡಿದ್ವಿ. ಲ್ಯಾಟಿನ್ ಭಾಷಾದಾಗ 'ವಾಕ್ಕಾ' ಅಂದ್ರ ಆಕಳ! ಅದರಾಗಿನ ಎರಡು 'ಸಿ'ನೇ ಇಲ್ಲಿಗೂ ಬಂದಾವ.

ಸೂಜಿಗೂ ಆಕಳಿಗೂ ಏನ್ ಸಂಬಂಧ ಅಂತೀರಿ? ಕೇಳ್ರಿ. ಆಕಳ ಕೆಚ್ಚಲಿಗೆ ಬರೋ ಸಣ್ಣ ಸಿಡುಬು ಹಾಲು ಹಿಂಡೋರ ಕೈಗೆ ಹತ್ತತಿತ್ತು. ಹಂಗ ಹತ್ತಿದವರಿಗೆ ದೊಡ್ಡ ಸಿಡುಬು, ನಾವು 'ದೇವಿ' ಅಂತೀವಲ್ಲ, ಅದು ಬರೂದಿಲ್ಲ ಅಂತ ಇಂಗ್ಲೆಂಡಿನ ಹಳ್ಳಿ ಮಂದಿ ಮಾತಾಡ್ತಿದ್ರು. ಬರ್ಕ್ಲಿ ಊರಿನ ಡಾಕ್ಟರ್ ಎಡ್ವರ್ಡ್ ಜೆನ್ನರ್ ಆ ಮಾತಿಗೆ ಕಿವಿಗೊಟ್ಟರು. 1796ರ ಮೇ 14ಕ್ಕ, ಸಾರಾ ನೆಲ್ಮ್ಸ್ ಅನ್ನೋ ಹಾಲು ಹಿಂಡಾಕಿ ಕೈಮ್ಯಾಲಿನ ಗುಳ್ಳಿ ರಸ ತಗೊಂಡು, ಎಂಟು ವರ್ಷದ ಜೇಮ್ಸ್ ಫಿಪ್ಸ್ ತೋಳು ಗೀರಿ ಹಚ್ಚಿದರು. ಜುಲೈದಾಗ ಖರೇ ಸಿಡುಬಿನ ಕೀವನ್ನೇ ಹಚ್ಚಿ ನೋಡಿದರು. ಹುಡುಗಗ ಏನೂ ಆಗಲಿಲ್ಲ. ಈಗಾದ್ರ ಹಂಗ ಯಾರ ಮಕ್ಕಳ ಮ್ಯಾಲೂ ಮಾಡಗೊಡೂದಿಲ್ಲ, ಆ ಮಾತು ಬ್ಯಾರೆ.

1798ರಾಗ ಪುಸ್ತಕ ಬರದಾಗ ಜೆನ್ನರ್ ಆ ಬ್ಯಾನಿಗೆ ಲ್ಯಾಟಿನ್‌ನ್ಯಾಗ 'ಆಕಳ ಸಿಡುಬು' ಅಂತನ ಹೆಸರಿಟ್ಟರು. ವ್ಯಾಕ್ಸಿನ್ ಶಬ್ದ ಅಲ್ಲಿಂದ ಬಂತು. 1881ರಾಗ ಫ್ರಾನ್ಸಿನ ಲೂಯಿ ಪಾಶ್ಚರ್, ಜೆನ್ನರ್ ಅವರ ಗೌರವಕ್ಕ, ಉಳಿದ ಬ್ಯಾನಿಗಳ ಲಸಿಕೆಗೂ ಇದೇ ಹೆಸರು ಇರಲಿ ಅಂದರು. ನಮ್ಮ ದೇಶದಾಗ ಮೊದಲು ಹಾಕಿದ್ದು 1802ರಾಗ, ಮುಂಬೈದಾಗ, ಮೂರು ವರ್ಷದ ಒಂದು ಹೆಣ್ಣು ಕೂಸಿಗೆ. ಆಗ ಫ್ರಿಜ್ ಎಲ್ಲಿಂದ ಬರಬೇಕು? ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ರಸ ದಾಟಿಸ್ತಿದ್ರು.

ಇಷ್ಟೊತ್ತು ಅವರಿಕಾಯಿ ಸುಲಕೋತ ಕೂತಿದ್ದ ನಮ್ಮವ್ವ ಸೆರಗು ಸರಿಸಿ ತೋಳ ಮ್ಯಾಲಿನ ಎರಡು ದುಂಡನ ಕಲೆ ಮಮ್ಮಗಳಿಗೆ ತೋರಿಸಿದ್ಲು. ಊರಿಗೆ ದೇವಿ ಹಾಕೋರು ಬಂದಾಗ ನಮ್ಮಜ್ಜಿ ಹೆದರಿ ಹಿರೇ ಮಗಳನ್ನ ಅಟ್ಟದ ಮ್ಯಾಲೆ ಮುಚ್ಚಿಟ್ಟಿದ್ಲಂತ. ಮುಂದಿನ ಬ್ಯಾಸಗಿಗೆ ಆ ಹುಡುಗಿ ದೇವಿ ಬಂದು ಹೋದ್ಲು. ಮರುವರ್ಷ ಅವರು ಬಂದಾಗ, ಬಗಲಾಗ ನಮ್ಮವ್ವನ್ನ ಹೊತ್ಕೊಂಡು ಎಲ್ಲರಕಿಂತ ಮೊದಲು ನಮ್ಮಜ್ಜಿನೇ ಹೋಗಿ ನಿಂತಿದ್ಲು.

1980ರಾಗ ಸಿಡುಬು ಜಗತ್ತಿನಿಂದನ ಹೋತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಸಣ್ಣ ಕೂಸು ಇದ್ದ ಮನಿಯವರು ಲಸಿಕೆ ಕಾರ್ಡ್ ಒಮ್ಮೆ ತಗದು ನೋಡ್ರಿ, ತಾರೀಖು ದಾಟಿರಬಾರದು.

ಮಗಳು ಅಜ್ಜಿ ಕಲೆ ಮುಟ್ಟಿ ನೋಡಿ ಮತ್ತ ಬರದ್ಲು. ಈ ಸಲ 'ಸಿ' ಎರಡೂ ಇದ್ವು.