ಗುಡ್ಡದ ಸ್ಮಶಾನ ಮತ್ತು ಪಾದ್ರಿಯ ಮನೆ
ಕಾಂಕರ್ಡ್, ಮ್ಯಾಸಚೂಸೆಟ್ಸ್, ಅಮೆರಿಕ

ಊರ ನಡುವಿನ ಈ ಗುಡ್ಡದಲ್ಲಿರುವ ಅತ್ಯಂತ ಹಳೆಯ ಗೋರಿಕಲ್ಲು 1677ರದು. ಇಲ್ಲಿನ ಹಳೆಯ ಸ್ಲೇಟು ಕಲ್ಲುಗಳ ನೆತ್ತಿ ನೋಡಿ: ಶಿಲುಬೆಯ ಬದಲು ರೆಕ್ಕೆ ಮೂಡಿದ ತಲೆಬುರುಡೆ. ಗೋರಿಯ ಮೇಲೆ ಶಿಲುಬೆ ಕೆತ್ತುವುದು ಪ್ಯೂರಿಟನ್ ಕ್ರೈಸ್ತರಿಗೆ ಒಪ್ಪಿಗೆಯಿರಲಿಲ್ಲ.

ತಪ್ಪದೆ ಓದಬೇಕಾದದ್ದು ಜಾನ್ ಜ್ಯಾಕ್‌ನ ಕಲ್ಲು. ಆಫ್ರಿಕಾದಲ್ಲಿ ಹುಟ್ಟಿ, ಇಲ್ಲಿ ಗುಲಾಮನಾಗಿ ದುಡಿದು, ಸ್ವಂತ ಗಳಿಕೆಯಿಂದ ಬಿಡುಗಡೆ ಕೊಂಡುಕೊಂಡವನು ಆತ, ತೀರಿಕೊಂಡದ್ದು 1773ರಲ್ಲಿ. ಸ್ವಾತಂತ್ರ್ಯದ ಮಾತಾಡುತ್ತಲೇ ಗುಲಾಮರನ್ನು ಇಟ್ಟುಕೊಂಡವರನ್ನು ಚುಚ್ಚುವ ಈ ಶಾಸನ ಬರೆದವನು ವಕೀಲ ಡೇನಿಯಲ್ ಬ್ಲಿಸ್. ಅವನು ಬ್ರಿಟಿಷ್ ರಾಜನ ಪಕ್ಷದವನು ಎಂಬುದನ್ನೂ ಮರೆಯಬಾರದು. ಚುಚ್ಚಿದ್ದರಲ್ಲಿ ರಾಜಕೀಯವೂ ಇತ್ತು. ಈಗಿರುವುದು ನಂತರ ನಿಲ್ಲಿಸಿದ ಪ್ರತಿ.

ಬ್ಲಿಸ್‌ನ ತಂಗಿ ಫೀಬಿಯ ಗಂಡ, ಪಾದ್ರಿ ವಿಲಿಯಂ ಎಮರ್ಸನ್, ಎದುರು ಪಕ್ಷ. ಅವರಿಗಾಗಿ 1770ರಲ್ಲಿ ಕಟ್ಟಿದ ಮರದ ಮನೆ ‘ಓಲ್ಡ್ ಮ್ಯಾನ್ಸ್’ ಇಲ್ಲಿಂದ ಉತ್ತರಕ್ಕೆ ಸುಮಾರು ಒಂದು ಕಿ.ಮೀ. ದೂರದಲ್ಲಿದೆ. 1775ರ ಏಪ್ರಿಲ್ 19ರಂದು ಬ್ರಿಟಿಷ್ ಸೈನಿಕರಿಗೂ ಊರ ರೈತಪಡೆಗೂ ಗುಂಡಿನ ಕಾಳಗ ನಡೆದ ಉತ್ತರ ಸೇತುವೆ ಮನೆಯ ಪಕ್ಕದಲ್ಲೇ ಇದೆ. ಮರುವರ್ಷ ಸೇನೆಯ ಪಾದ್ರಿಯಾಗಿ ಹೋದ ಎಮರ್ಸನ್ ಜ್ವರದಿಂದ ತೀರಿಕೊಂಡರು. ಅವರ ಮೊಮ್ಮಗ, ಚಿಂತಕ ರಾಲ್ಫ್ ವಾಲ್ಡೊ ಎಮರ್ಸನ್, ‘ನೇಚರ್’ ಕೃತಿಯನ್ನು ಬರೆಯತೊಡಗಿದ್ದು ಇದೇ ಮನೆಯಲ್ಲಿ. 1842ರಿಂದ 1845ರವರೆಗೆ ಬಾಡಿಗೆಗಿದ್ದ ಕಾದಂಬರಿಕಾರ ಹಾಥಾರ್ನ್ ಮತ್ತು ಹೆಂಡತಿ ಸೋಫಿಯಾ ವಜ್ರದುಂಗುರದಿಂದ ಕಿಟಕಿ ಗಾಜಿನ ಮೇಲೆ ಗೀಚಿದ ಸಾಲುಗಳು ಇಂದಿಗೂ ಓದಲು ಸಿಗುತ್ತವೆ.

ಗೋರಿಕಲ್ಲುಗಳಿಗೆ ಒರಗಬೇಡಿ. ಅವುಗಳ ಮೇಲೆ ಕಾಗದವಿಟ್ಟು ಉಜ್ಜಿ ಅಚ್ಚು ತೆಗೆಯಬೇಡಿ. ಹಳೆಯ ಸ್ಲೇಟು ಪದರ ಪದರವಾಗಿ ಕಳಚುತ್ತದೆ.